ಕಡಲತಡಿಯಿಂದ ಕೊಡಚಾದ್ರಿಗೆ: ಒಂದು ಶಾಖದ ಲೆಕ್ಕ

ಬೈಂದೂರಿನ ಸೋಮೇಶ್ವರ ಕಡಲತಡಿಯಿಂದ ನಸುಕಿನಲ್ಲಿ ಹೊರಟು, ಕೊಲ್ಲೂರಿನ ಮಾರ್ಗವಾಗಿ, ಅದೇ ದಿನ ಕೊಡಚಾದ್ರಿಯ ನೆತ್ತಿಯನ್ನು ಕಾಲ್ನಡಿಗೆಯಿಂದ ಮುಟ್ಟಬಹುದೇ? ಗಟ್ಟಿಗರಿಗೆ ಇದು ಅಸಾಧ್ಯವಲ್ಲ. ಆರಿಸಿಕೊಂಡ ಹಾದಿಗೆ ತಕ್ಕಂತೆ ದೂರ ಬದಲಾಗುವುದಾದರೂ, ಲೆಕ್ಕಕ್ಕಾಗಿ ಅದನ್ನು 40 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಶಿಖರದ ಎತ್ತರ 1343 ಮೀಟರು. ಇಂಥ ನಡಿಗೆಯಲ್ಲಿ ಕಷ್ಟವೆಲ್ಲ ಕೊನೆಯ ಏರಿನಲ್ಲಿದೆಯೆಂದು ಯಾರಾದರೂ ಹೇಳಿಯಾರು. ಅದು ನಿಜವೇ ಎಂಬುದನ್ನು ಪರೀಕ್ಷಿಸೋಣ.

60 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು ಸಮುದ್ರಮಟ್ಟದಿಂದ ಶಿಖರಕ್ಕೇರಿದಾಗ, ಗುರುತ್ವಾಕರ್ಷಣೆಗೆ ವಿರುದ್ಧವಾಗಿ ಮಾಡಿದ ಕಾರ್ಯ 60 × 9.8 × 1343, ಎಂದರೆ ಸುಮಾರು 7,90,000 ಜೂಲ್‌ಗಳು. ಇದನ್ನು ಶಾಖದ ಮಾನಕ್ಕೆ ತಿರುಗಿಸಿದರೆ ಸುಮಾರು 190 ಕಿಲೋಕ್ಯಾಲೊರಿಗಳಾಗುವುವು. ನಮ್ಮ ಕಡೆಯ ಒಂದೆರಡು ಜೋಳದ ರೊಟ್ಟಿಯಲ್ಲಿ ಇಷ್ಟು ಶಕ್ತಿಯಿದೆ! ಆದರೆ ಸ್ನಾಯುಗಳು ಅಷ್ಟು ದಕ್ಷವಾದ ಯಂತ್ರಗಳಲ್ಲ. ವ್ಯಯವಾದ ಶಕ್ತಿಯ ಕಾಲುಭಾಗ ಮಾತ್ರ ಕಾರ್ಯವಾಗಿ ಪರಿಣಮಿಸುವುದು. ಆದ್ದರಿಂದ ಏರಿಗೆ ತಗಲುವ ವೆಚ್ಚ ಸುಮಾರು 760 ಕಿಲೋಕ್ಯಾಲೊರಿ. ಇನ್ನು, ಸಮತಟ್ಟಾದ ದಾರಿಯಲ್ಲಿ ಇಂಥವನು ಕಿಲೋಮೀಟರಿಗೆ ಸರಿಸುಮಾರು 50 ಕಿಲೋಕ್ಯಾಲೊರಿಗಳನ್ನು ವ್ಯಯಿಸುವನು. 40 ಕಿಲೋಮೀಟರಿಗೆ 2000 ಆಯಿತು. ಎತ್ತರಕ್ಕಿಂತ ದೂರವೇ ಹೆಚ್ಚು ಬೆಲೆಯನ್ನು ಕೇಳುತ್ತದೆ.

ಒಟ್ಟು 2760ರಲ್ಲಿ 190ನ್ನು ಕಳೆದರೆ ಉಳಿಯುವ 2570 ಕಿಲೋಕ್ಯಾಲೊರಿಗಳೂ ಶಾಖವಾಗಿ ದೇಹದಿಂದ ಹೊರಬೀಳಲೇಬೇಕು. ಹೊರಬೀಳದಿದ್ದರೆ? ದೇಹದ ವಿಶಿಷ್ಟೋಷ್ಣ ಸುಮಾರು 0.83. ಅಂತೆಯೇ 60 ಕಿಲೋಗ್ರಾಂ ದೇಹದ ಉಷ್ಣತೆ ಒಂದು ಡಿಗ್ರಿ ಏರಲು 50 ಕಿಲೋಕ್ಯಾಲೊರಿ ಸಾಕು. ಅರ್ಥಾತ್, ಕೇವಲ ಒಂದು ಕಿಲೋಮೀಟರು ನಡಿಗೆಯ ಶಾಖ! ಶಾಖಕ್ಕೆ ದಾರಿಯೇ ಇಲ್ಲದಿದ್ದರೆ ಮೂರು ಕಿಲೋಮೀಟರು ನಡೆಯುವಷ್ಟರಲ್ಲಿ 37 ಡಿಗ್ರಿಯಿದ್ದ ಮೈ 40ಕ್ಕೆ ಮುಟ್ಟುವುದು.

ನಮ್ಮನ್ನು ಕಾಯುವುದು ಬೆವರು. ಒಂದು ಲೀಟರು ಬೆವರು ಆವಿಯಾಗುವಾಗ ಸುಮಾರು 580 ಕಿಲೋಕ್ಯಾಲೊರಿಗಳನ್ನು ಒಯ್ಯುವುದು. ಆವಿಯಾಗುವಾಗ ಎಂಬ ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹನಿಹನಿಯಾಗಿ ನೆಲಕ್ಕೆ ಬಿದ್ದ ಬೆವರಿನಿಂದ ದೇಹಕ್ಕೆ ನೀರಿನ ನಷ್ಟವೇ ಹೊರತು ತಂಪಿನ ಲಾಭವಿಲ್ಲ.

ಇಲ್ಲಿಯೇ ಹುಬ್ಬಳ್ಳಿ-ಧಾರವಾಡದವರು ಮೋಸಹೋಗುವ ಸಂಭವವುಂಟು. 35 ಡಿಗ್ರಿ ಉಷ್ಣತೆಯ ಒದ್ದೆ ಚರ್ಮದ ಮೇಲೆ ನೀರಾವಿಯ ಒತ್ತಡ ಪಾದರಸದ 42 ಮಿಲಿಮೀಟರು. ನಮ್ಮ ಊರಿನ ಬೇಸಗೆಯ ಮಧ್ಯಾಹ್ನ 36 ಡಿಗ್ರಿ ಉಷ್ಣತೆ, 25 ಶೇಕಡಾ ಸಾಪೇಕ್ಷ ಆರ್ದ್ರತೆ ಇದೆಯೆನ್ನೋಣ. ಗಾಳಿಯಲ್ಲಿನ ಆವಿಯ ಒತ್ತಡ 11 ಮಿಲಿಮೀಟರು, ಅಂತರ 31. ಕರಾವಳಿಯಲ್ಲಿ 32 ಡಿಗ್ರಿ, 80 ಶೇಕಡಾ ಇದ್ದರೆ ಗಾಳಿಯ ಆವಿಯೊತ್ತಡ ಸುಮಾರು 28.5, ಅಂತರ 13.5 ಮಾತ್ರ. ಉಷ್ಣಮಾಪಕ ಕಡಿಮೆ ತೋರಿಸಿದರೂ ಬೆವರು ಆರುವ ವೇಗ ಅರ್ಧಕ್ಕಿಂತ ಕೆಳಗಿಳಿಯುವುದು. ಬಯಲುಸೀಮೆಯಲ್ಲಿ ಬೆವರು ಕಾಣುವ ಮುನ್ನವೇ ಆರುವುದನ್ನು ಕಂಡವರಿಗೆ ಇದರ ಅನುಭವವಿರುವುದಿಲ್ಲ.

ಆದಕಾರಣ ಅಪಾಯವಿರುವುದು ಶಿಖರದ ಬಂಡೆಯಲ್ಲಿ ಅಷ್ಟಲ್ಲ, ಕೊಲ್ಲೂರಿನವರೆಗಿನ ಸುಲಭವಾದ ರಸ್ತೆಯಲ್ಲಿ. ಅದನ್ನು ಬಿಸಿಲೇರುವ ಮುನ್ನ ಕಳೆಯಬೇಕು. ಸ್ಕಾಟ್‌ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಲ್ಲಿ ಉಪಯುಕ್ತ: ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರು ಏರಿಗೆ ಇನ್ನೊಂದು ಗಂಟೆ. ಹೀಗೆ ನಮ್ಮ ನಡಿಗೆಗೆ ವಿಶ್ರಾಂತಿಯನ್ನು ಬಿಟ್ಟು ಹತ್ತೂಕಾಲು ಗಂಟೆ ಬೇಕು. ನಸುಕಿನ ಮೂರು ಗಂಟೆಗೆ ಹೊರಡದವನು ಈ ಯೋಚನೆಯನ್ನೇ ಕೈಬಿಡುವುದು ಒಳ್ಳೆಯದು. ದಾರಿ ಅಭಯಾರಣ್ಯದೊಳಗೆ ಹೋಗುವುದರಿಂದ ಅರಣ್ಯ ಇಲಾಖೆಯನ್ನು ಮೊದಲೇ ವಿಚಾರಿಸಬೇಕು.

ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರಿಗಿಂತ ಉಪ್ಪು ಹಾಕಿದ ನೀರು ಮಜ್ಜಿಗೆ ಉತ್ತಮ. ಸಂಗಡಿಗನು ತಡವರಿಸಿ ಮಾತನಾಡಿದರೆ, ದಾರಿ ತಪ್ಪಿದವನಂತೆ ತೂರಾಡಿದರೆ, ಅದನ್ನು ಆಯಾಸವೆಂದು ತಳ್ಳಿಹಾಕಕೂಡದು. ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು, ವೈದ್ಯರನ್ನು ಕಾಣಿಸಬೇಕು.

ಮೇಲೇರಿದಂತೆ ಪರಿಸ್ಥಿತಿ ತಿರುಗುಮುರುಗಾಗುವುದು. ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿದು, ಕೆಳಗೆ 32 ಇದ್ದುದು ನೆತ್ತಿಯಲ್ಲಿ 23ರ ಸಮೀಪಕ್ಕೆ ಬರುವುದು. ಹುಲ್ಲುಗಾವಲಿನ ಮೇಲೆ ಬೀಸುವ ಗಾಳಿಗೆ ತೊಯ್ದ ಅಂಗಿ ಬೇಗನೆ ಆರತೊಡಗುವುದು. ದಿನವೆಲ್ಲ ದೊರೆಯದಿದ್ದ ತಂಪು ಆಗ ಬೇಡವೆನಿಸುವಷ್ಟು ದೊರೆಯುವುದು. ಗಂಟಿನಲ್ಲಿ ಒಂದು ಒಣ ಅಂಗಿಯಿರಲಿ.