ನೀರೊಳಗಿನ ಬೆವರು: ‘ಗದಾಯುದ್ಧ’ದ ಒಂದು ಪದ್ಯ ಮತ್ತು ಜಲವರ್ಣದ ತರಗತಿ

ಹಳಗನ್ನಡ ಕಾವ್ಯದ ಸನ್ನಿವೇಶಗಳನ್ನು ಚಿತ್ರಕಲೆಯ ತರಗತಿಯಲ್ಲಿ ಜಲವರ್ಣಕ್ಕೆ ತರುವ ಅಭ್ಯಾಸವನ್ನು ಸಾಹಿತ್ಯದ ಅಧ್ಯಾಪಕರಲ್ಲಿ ಅನೇಕರು ಪಾಠದ ಅಲಂಕಾರವೆಂದಷ್ಟೇ ಪರಿಗಣಿಸುವುದುಂಟು. ಆದರೆ ಚಿತ್ರವೂ ಒಂದು ಬಗೆಯ ವ್ಯಾಖ್ಯಾನವೇ. ವಿದ್ಯಾರ್ಥಿಯು ಪದ್ಯದಲ್ಲಿ ಯಾವುದನ್ನು ಗ್ರಹಿಸಿದ್ದಾನೆ, ಯಾವುದನ್ನು ದಾಟಿ ಹೋಗಿದ್ದಾನೆ ಎಂಬುದು ಪರೀಕ್ಷೆಯ ಉತ್ತರಕ್ಕಿಂತ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರನ್ನನ ‘ಗದಾಯುದ್ಧ’ದ ಒಂದು ಕಂದಪದ್ಯದ ಮೂಲಕ ಇದನ್ನು ಪರಿಶೀಲಿಸಬಹುದು.

ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ, ನೀರಿನೊಳಗಿದ್ದೂ ಬೆವರಿದನೆಂಬುದು ಆ ಪದ್ಯದ ಪ್ರಸಿದ್ಧ ಕಲ್ಪನೆ. ಚಿತ್ರಿಸಹೊರಟವನಿಗೆ ಮೊದಲು ಎದುರಾಗುವುದು ಆ ಗರ್ಜನೆಯೇ. ಅದು ಸಿಂಹದ ಧ್ವನಿಯನ್ನು ಗೆದ್ದಿತು, ಮೇಘದ ಧ್ವನಿಯನ್ನು ಹಿಮ್ಮೆಟ್ಟಿಸಿತು ಎನ್ನುತ್ತಾನೆ ಕವಿ. ದಡದಲ್ಲೊಂದು ಸಿಂಹ, ಮೇಲೊಂದು ಕಾರ್ಮೋಡ ಬರೆದರೆ, ಕಾವ್ಯವು ಸೋತವೆಂದು ಹೇಳಿದವೇ ಚಿತ್ರದಲ್ಲಿ ಮೆರೆಯುತ್ತವೆ. ‘ಅಲ್ಲ’ ಎಂಬ ಪದ ಬಣ್ಣಕ್ಕಿಲ್ಲ. ನೀರಿನ ಕಂಪನದಿಂದಲೋ ಕೇಳುವವನ ಮುಖಭಾವದಿಂದಲೋ ಗರ್ಜನೆಯನ್ನು ಸೂಚಿಸಬೇಕಾಗುತ್ತದೆ. ಆಲಂಕಾರಿಕರ ‘ಧ್ವನಿ’ಯನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ದೊರೆಯಲಾರದು.

ಇನ್ನು ಬೆವರು. ಅದು ಭಯದ್ದೆಂದು ಪಾಠ ಹೇಳಿ ಮುಗಿಸುವ ರೂಢಿಯುಂಟು. ಕವಿಯಾದರೋ ಕಣ್ಣು ಕೋಪದಿಂದ ಕೆಂಪೇರಿತ್ತೆಂದೂ ಹೇಳಿದ್ದಾನೆ. ಅಡಗಿ ಕುಳಿತವನನ್ನು ಸರ್ಪಧ್ವಜನೆಂಬ ರಾಜೋಚಿತ ವಿಶೇಷಣದಿಂದಲೇ ನಿರ್ದೇಶಿಸಿದ್ದಾನೆ. ಜಲವರ್ಣವು ಪಾರದರ್ಶಕವಾದುದರಿಂದ ಇಲ್ಲಿ ಓದಿನ ಲೋಪ ತಾನಾಗಿಯೇ ಬಯಲಾಗುತ್ತದೆ. ಕೊಳವೆಂದೊಡನೆ ಹಾಳೆಯ ತುಂಬ ನೀಲಿ ಬಳಿದವನು ಅನಂತರ ಕಣ್ಣಿಗೆ ಕೆಂಪು ಹಚ್ಚಿದರೆ ಅದು ಕೆಂಪಾಗಿ ಉಳಿಯದೆ ನೇರಳೆಗೆ ತಿರುಗುತ್ತದೆ. ಕಣ್ಣಿನ ಜಾಗವನ್ನು ಮೊದಲೇ ಬಿಳಿಯಾಗಿ ಉಳಿಸಿಕೊಂಡಿರಬೇಕು. ಅಂದರೆ ಕುಂಚವನ್ನು ಅದ್ದುವ ಮೊದಲೇ ಪದ್ಯವನ್ನು ಕೊನೆಯವರೆಗೆ ಓದಿರಬೇಕು.

ಬೆವರ ಹನಿಗಳನ್ನು ಮೇಣದಬತ್ತಿಯಿಂದ ಗುರುತಿಸಿ, ಬಣ್ಣ ಹಿಡಿಯದಂತೆ ಉಳಿಸಿಕೊಳ್ಳುವ ಉಪಾಯವಿದೆ. ಆದರೂ ನೀರಿನಲ್ಲಿ ಆ ಬಿಳಿಚುಕ್ಕೆ ಬೆವರೋ ಗುಳ್ಳೆಯೋ ಎಂಬ ಸಂಶಯ ಪರಿಹಾರವಾಗದು. ನೀರಿನೊಳಗೆ ‘ಇದ್ದು’ ಎಂಬುದನ್ನು ಬರೆಯಬಹುದು, ‘ಇದ್ದೂ’ ಎಂಬುದನ್ನು ಬರೆಯಲಾಗದು. ಪದ್ಯದ ಜೀವವಿರುವುದು ಆ ದೀರ್ಘದಲ್ಲಿ. ಇದನ್ನು ವಿದ್ಯಾರ್ಥಿಯ ಸೋಲೆಂದು ಅಂಕ ಕಳೆಯುವುದು ಸರಿಯಲ್ಲ. ಚಿತ್ರದ ಕೆಳಗೆ, ತನಗೆ ಬರೆಯಲಾಗದೆ ಉಳಿದದ್ದು ಯಾವುದು ಎಂಬುದನ್ನು ಎರಡು ವಾಕ್ಯಗಳಲ್ಲಿ ದಾಖಲಿಸುವಂತೆ ಅವನಿಗೆ ಸೂಚಿಸಿ, ಮೌಲ್ಯಮಾಪನವನ್ನು ಅಲ್ಲಿಂದ ಆರಂಭಿಸಬಹುದು.