ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಚಕ್ರ

ತೆಳ್ಳನೆಯ ಹಾಳೆಯೊಂದರ ಮೇಲೆ ಚರಕ ಬರೆಯಿರಿ. ಎಡಕ್ಕೆ ದೊಡ್ಡ ಗಾಲಿ, ಬಲಕ್ಕೆ ಕದಿರು. ಈಗ ಹಾಳೆ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಗಾಲಿ ಬಲಕ್ಕೆ ಬಂತು, ಕದಿರು ಎಡಕ್ಕೆ ಹೋಯಿತು, ಅಲ್ಲವೇ? ನಮ್ಮ ರಾಷ್ಟ್ರಧ್ವಜದಲ್ಲಿ ಚರಕದ ಬದಲು ಚಕ್ರ ಬಂದುದಕ್ಕೆ ಇದೂ ಒಂದು ಕಾರಣ. ಬಾವುಟದ ಎರಡೂ ಮುಖಗಳು ಒಂದೇ ರೀತಿ ಕಾಣಬೇಕು ಎಂದು 1947ರ ಜುಲೈ 22ರಂದು ನೆಹರೂ ಅವರು ಸಂವಿಧಾನ ಸಭೆಗೆ ವಿವರಿಸಿದರು. ಅಂದೇ ಸಭೆ ಧ್ವಜವನ್ನು ಒಪ್ಪಿಕೊಂಡಿತು.

ಹಾಗಾದರೆ ಚರಕ ಮೊದಲು ಬಂದದ್ದು ಹೇಗೆ? 1921ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಪಿಂಗಳಿ ವೆಂಕಯ್ಯನವರು ಕೆಂಪು ಮತ್ತು ಹಸಿರಿನ ಧ್ವಜವೊಂದನ್ನು ಗಾಂಧೀಜಿಗೆ ತೋರಿಸಿದರು. ಗಾಂಧೀಜಿ ಅದಕ್ಕೆ ಬಿಳಿಯನ್ನೂ ಚರಕವನ್ನೂ ಸೇರಿಸಲು ಹೇಳಿದರು. ಆಗ ಒಂದೊಂದು ಬಣ್ಣ ಒಂದೊಂದು ಸಮುದಾಯದ್ದು ಎಂಬ ಎಣಿಕೆಯಿತ್ತು. 1931ರಲ್ಲಿ ಕಾಂಗ್ರೆಸ್ ಅದನ್ನು ಕೈಬಿಟ್ಟಿತು. ಕೆಂಪಿನ ಜಾಗಕ್ಕೆ ಕೇಸರಿ ಬಂತು, ಬಣ್ಣಗಳಿಗೆ ಮತಧರ್ಮದ ಅರ್ಥವಿಲ್ಲ ಎಂದು ಸ್ಪಷ್ಟವಾಗಿ ಹೇಳಲಾಯಿತು. ಧ್ವಜದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ನಿರ್ಧಾರವೇ. ಯಾವ ಬಣ್ಣವೂ ಯಾರೊಬ್ಬರ ಪಾಲಲ್ಲ, ಮೂರೂ ಎಲ್ಲರದು. 1938ರಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಮ್ಮ ಹಿರಿಯರು ನಿಷೇಧ ಮುರಿದು ಏರಿಸಿದ್ದು ಈ ಚರಕದ ಬಾವುಟವನ್ನೇ.

ಈಗಿನ ಚಕ್ರ ಸಾರನಾಥದ ಅಶೋಕ ಸ್ತಂಭದಿಂದ ಬಂದದ್ದು. ಬಣ್ಣ ಕಡುನೀಲಿ, ಅರಗಳು 24. ಮಕ್ಕಳು ಬರೆಯುವಾಗ ಎಡವುವುದು ಇಲ್ಲೇ. ಅಂದಾಜಿನಲ್ಲಿ ಗೀಟು ಎಳೆದರೆ ಕೊನೆಗೆ ಜಾಗ ಸಾಲದು, ಇಲ್ಲವೇ ಮಿಕ್ಕುತ್ತದೆ. ಕೈವಾರದಿಂದ ವೃತ್ತ ಬರೆದು, ಕೋನಮಾಪಕವಿಟ್ಟು 15 ಡಿಗ್ರಿಗೊಂದು ಗುರುತು ಹಾಕಿಕೊಳ್ಳಿ; 24 ಅರಗಳು ಸರಿಯಾಗಿ ಕೂರುತ್ತವೆ. ಧ್ವಜದ ಉದ್ದ ಮತ್ತು ಅಗಲ 3:2. 90 ಸೆಂಟಿಮೀಟರ್ ಉದ್ದದ ಬಾವುಟವಾದರೆ ಅಗಲ 60, ಒಂದೊಂದು ಪಟ್ಟಿ 20, ಚಕ್ರದ ಅಡ್ಡಳತೆ 18.5. ಬಿಳಿ ಪಟ್ಟಿಯನ್ನು ಚಕ್ರ ಹೆಚ್ಚುಕಡಿಮೆ ತುಂಬುತ್ತದೆ, ಆದರೆ ಕೇಸರಿಯನ್ನೂ ಹಸಿರನ್ನೂ ಮುಟ್ಟುವುದಿಲ್ಲ.

ಈ ಅಳತೆಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಪಾಲಿಸುವ ಕೈಗಳು ನಮ್ಮಲ್ಲೇ ಇವೆ. ಧಾರವಾಡದ ಹತ್ತಿರದ ಗರಗ ಧ್ವಜದ ಖಾದಿಗೆ ಹೆಸರಾದ ಊರು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಬಟ್ಟೆಗೆ ಬಣ್ಣ ಹಾಕಿ, ಚಕ್ರವನ್ನು ಎರಡೂ ಬದಿಗೆ ಒಂದರ ಹಿಂದೆ ಒಂದು ಸರಿಯಾಗಿ ಕೂರುವಂತೆ ಅಚ್ಚೊತ್ತಿ, ಹೊಲಿಯುತ್ತಾರೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಕೊನೆಯಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ತಯಾರಿಕೆಗೂ ಅನುಮತಿ ಸಿಕ್ಕಿದೆ. ಆದರೂ ಮನೆಗೆ ಬಾವುಟ ತರುವಾಗ ದಯವಿಟ್ಟು ಖಾದಿಯದ್ದನ್ನೇ ಕೇಳಿ.