ಚಂದಾ ಕಟ್ಟುವ ಮೊದಲು

ಕಾಚಿಗೂಡ, ಹೈದರಾಬಾದ್

ಪ್ರೀತಿಯ ಮಗಳೇ,

ಎಂ.ಎಸ್.ಡಬ್ಲ್ಯೂ ಮುಗಿಸಿ ಈ ಊರಿಗೇ ನೌಕರಿಗೆ ಬಂದೆ, ಖುಷಿಯಾಯಿತು. ನಿಜಾಮರ ಕಾಲದಿಂದಲೂ ಬೀದರ, ಕಲಬುರ್ಗಿ, ರಾಯಚೂರಿನ ಮಂದಿ ಓದಿಗೂ ಹೊಟ್ಟೆಪಾಡಿಗೂ ಬಂದು ಸೇರಿದ ಊರಿದು. ನಮ್ಮ ಓಣಿಯ ಹತ್ತಿರದ ಕರ್ನಾಟಕ ಸಾಹಿತ್ಯ ಮಂದಿರ ಅಂಥವರೇ ಕಟ್ಟಿಕೊಂಡದ್ದು. ಆದರೆ ನೀನು ಫೋನಿನಲ್ಲಿ ಕೇಳಿದ್ದು ಬೇರೆ ಸಂಘದ ಮಾತು: "ಸಮಾಜಕಾರ್ಯಕರ್ತರ ಸಂಘಕ್ಕ ಚಂದಾ ಕಟ್ಟಿದ್ರ ನನಗೇನು ಸಿಗ್ತದ ಕಾಕಾ?"

ಕಟ್ಟಿದ ಮರುದಿನ ಏನೂ ಸಿಗುವುದಿಲ್ಲ. ಪಗಾರ ಏರುವುದಿಲ್ಲ, ಕಾಂಟ್ರ್ಯಾಕ್ಟ್ ಕಾಯಂ ಆಗುವುದಿಲ್ಲ.

ಆದರೂ ಸಂಘ ಯಾಕೆ ಬೇಕು ಅನ್ನುವುದು ತಿಳಿಯಬೇಕಾದರೆ, ಬಿಡುವಾದಾಗ 2015ರ ಬಾಲನ್ಯಾಯ ಕಾಯ್ದೆ ತೆರೆದು ನೋಡು. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಇರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆ. ಆ ಸ್ಥಾನಕ್ಕೆ 4ನೇ ಸೆಕ್ಷನ್ ಹೆಸರಿಸುವ ಪದವಿಗಳು ಯಾವುವು ಗೊತ್ತೇನು? ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ, ಕಾನೂನು. ಸಮಾಜಕಾರ್ಯಕರ್ತರ ಕುರ್ಚಿ, ಅದರಲ್ಲಿ ಸಮಾಜಕಾರ್ಯದ ಪದವಿಯೇ ಇಲ್ಲ! ಅದೇ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ, ಮಕ್ಕಳ ಕಲ್ಯಾಣ ಸಮಿತಿಗೆ, ನಿನ್ನ ಪದವಿ ಇದೆ. ಮಕ್ಕಳ ಕೆಲಸದಲ್ಲಿ ಏಳು ವರ್ಷ ದುಡಿದ ಮೇಲೆ ಮಂಡಳಿಗೂ ಹೋಗಬಹುದು, ದಾರಿ ಪೂರ್ತಿ ಮುಚ್ಚಿಲ್ಲ. ಆದರೂ ಒಂದು ಪದ ಬಿಟ್ಟುಹೋಗಿದೆ. ಅದನ್ನು ಸೇರಿಸಬೇಕಾದರೆ ಮಸೂದೆಯನ್ನು ಸಾಲುಸಾಲಾಗಿ ಓದಿ, ಸಚಿವಾಲಯಕ್ಕೆ ಬರೆದು, ಮತ್ತೆ ಮತ್ತೆ ನೆನಪಿಸುವವರು ಬೇಕು. ದಿನವೆಲ್ಲ ಬಡವರ ಬಸ್ತಿ ತಿರುಗಿ ಹಾಸ್ಟೆಲ್‌ಗೆ ಮರಳುವ ನಿನ್ನೊಬ್ಬಳಿಂದ ಅದು ಆಗದ ಕೆಲಸ.

ವಕೀಲರಿಗೆ 1961ರ ಕಾಯ್ದೆಯ ಬಾರ್ ಕೌನ್ಸಿಲ್ ಇದೆ, ನರ್ಸ್‌ಗಳ ಕೌನ್ಸಿಲ್‌ಗೆ 1947ರಲ್ಲೇ ಕಾಯ್ದೆ ಬಂತು. ಮುಂಬೈಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಸಮಾಜಕಾರ್ಯ ಕಲಿಸತೊಡಗಿದ್ದು 1936ರಲ್ಲಿ. ಆದರೆ ಇವತ್ತಿಗೂ ನಮ್ಮ ಇಡೀ ವೃತ್ತಿಗೆ ಒಂದು ಕೌನ್ಸಿಲ್ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರಿಗೆ ಅರ್ಹತೆ ಗೊತ್ತುಮಾಡಿತು, 2021ರ ಸಹ ಆರೋಗ್ಯ ವೃತ್ತಿಗಳ ಕಾಯ್ದೆ ಆಸ್ಪತ್ರೆಯವರನ್ನು ಪಟ್ಟಿಗೆ ಸೇರಿಸಿತು. ಬಸ್ತಿಯಲ್ಲಿ ದುಡಿಯುವವರಿಗೆ ಉಳಿದದ್ದು ನಾವೇ ಕಟ್ಟಿಕೊಂಡ ಸಂಘಗಳು: 1970ರಲ್ಲಿ ರಾಂಚಿಯಲ್ಲಿ ಹುಟ್ಟಿದ್ದೊಂದು, 2005ರಲ್ಲಿ ದಿಲ್ಲಿಯಲ್ಲಿ ಶುರುವಾದದ್ದೊಂದು, ಹೀಗೆ. ಇವುಗಳ ಕೈಯಲ್ಲಿ ಲೈಸೆನ್ಸ್ ಕೊಡುವ ಅಧಿಕಾರವಿಲ್ಲ, ಕಸಿಯುವ ಅಧಿಕಾರವೂ ಇಲ್ಲ. ಹಾಗಾಗಿ ಸದಸ್ಯರು ಎಷ್ಟು ಮಂದಿ, ಎಷ್ಟು ಗಟ್ಟಿ ಎಂಬುದರ ಮೇಲೆಯೇ ಇವುಗಳ ಮಾತಿನ ತೂಕ.

ಇನ್ನು ನಿನ್ನ ಆಫೀಸಿನ ಸಂಕಟ. ಬಿಡಿಸಿಕೊಂಡು ಬಂದ ಹುಡುಗಿಯ ಮುಖ ಕಾಣುವ ಫೋಟೋ ದಾನಿಗಳಿಗೆ ಕಳಿಸಲು ಬೇಕೆಂದು ಮೇಲಿನವರು ಪಟ್ಟು ಹಿಡಿದು ಕೂತಿದ್ದಾರೆ, ಅಲ್ಲವೇ? ಇಂಥ ಮಕ್ಕಳ ಗುರುತು ಬಯಲು ಮಾಡಬಾರದೆಂದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಇದನ್ನೇ ನೀನೊಬ್ಬಳೇ ಹೇಳಿದರೆ "ಹೊಸ ಹುಡುಗಿ, ಜಂಭ" ಅನ್ನುತ್ತಾರೆ, ಕಾಂಟ್ರ್ಯಾಕ್ಟ್ ಮುಂದುವರಿಸಲಿಕ್ಕಿಲ್ಲ. ಸಂಘದ ನೀತಿಸಂಹಿತೆ ಮುಂದಿಟ್ಟು, ಸಂಘದವರಿಂದ ಒಂದು ಕಾಗದ ಬರೆಸಿದರೆ ಮಾತಿನ ಧಾಟಿ ಬದಲಾಗುತ್ತದೆ. ನನ್ನ ಮಟ್ಟಿಗೆ ಸಂಘದ ಮುಖ್ಯ ಕೆಲಸ ಇದೇ. ಅದೇ ಸಂಹಿತೆ ನಾಳೆ ನೀನು ತಪ್ಪಿದರೆ ನಿನ್ನನ್ನೂ ಕೇಳಬೇಕು; ಕೇಳದ ಸಂಘಕ್ಕೆ ಮರ್ಯಾದೆ ಉಳಿಯದು.

ಮತ್ತೊಂದು. 1967ರಲ್ಲಿ ಈ ಊರಿನ ನಗರಪಾಲಿಕೆ ಬಸ್ತಿಯ ಮಂದಿಯನ್ನೇ ಕೂಡಿಸಿ ನಗರ ಸಮುದಾಯ ಅಭಿವೃದ್ಧಿ ಯೋಜನೆ ಶುರು ಮಾಡಿತು. ಮುಂದೆ ಯುನಿಸೆಫ್ ಕೈಜೋಡಿಸಿತು, ಹೊರದೇಶದವರೂ ಬಂದು ನೋಡಿದರು. ತೆಲುಗಿನಲ್ಲೂ ದಖನಿಯಲ್ಲೂ ಮನೆಮನೆ ಮಾತಾಡಿ ನಂಬಿಕೆ ಗಳಿಸುವ ಆ ಪಾಠ ನಿನ್ನ ಪಠ್ಯದಲ್ಲಿ ಎಷ್ಟಿದೆಯೋ. ಹಿರಿಯರ ಆ ಕಸುಬನ್ನು ನಿನ್ನಂಥವರಿಗೆ ದಾಟಿಸುವುದೂ ಸಂಘದ ಜವಾಬ್ದಾರಿ.

ಶಾಲು, ಹಾರ, ಗ್ರೂಪ್ ಫೋಟೋದಲ್ಲೇ ವರ್ಷ ಕಳೆಯುವ ಸಂಘಗಳೂ ಇವೆ, ಬಲ್ಲೆ. ಅದಕ್ಕೇ ಸುಮ್ಮನೆ ಸದಸ್ಯಳಾಗಿ ಕೂರಬೇಡ. ಚಂದಾ ಕಟ್ಟು, ರಸೀದಿ ತಗೋ, ಲೆಕ್ಕಪತ್ರ ಕೇಳು. ಮಾರ್ಚ್ ತಿಂಗಳ ಮೂರನೇ ಮಂಗಳವಾರ ವಿಶ್ವ ಸಮಾಜಕಾರ್ಯ ದಿನ. ಅಂದು ವೇದಿಕೆಯ ಮೇಲಿರುವವರನ್ನು ಆ 4ನೇ ಸೆಕ್ಷನ್ ಬಗ್ಗೆ ಏನು ಮಾಡಿದಿರಿ ಎಂದು ಎದ್ದು ನಿಂತು ಕೇಳು.

ನಿನ್ನ ಕಾಕಾ